ಸೇವಾ ಹಿರಿತನದ ಕಿಣ್ವ

ಪರೇಲ್‌ನ ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಇದುವರೆಗೆ ಯಾರಿಗೂ ಬರೀ ಸಾಮರ್ಥ್ಯ ನೋಡಿ ಬಡ್ತಿ ಕೊಟ್ಟಿಲ್ಲ. ಆದ್ದರಿಂದಲೇ ಇಲ್ಲಿ ಶಾಂತಿ ನೆಲೆಸಿದೆ.

ಈ ಶಾಂತಿಗೆ ಕಳೆದ ತಿಂಗಳು ನಮ್ಮ ಕಿರಿಯ ಸಂಶೋಧಕಿ ಯಕ್ಷಿತಾ ಭಂಗ ತಂದಳು. ಅವಳಪ್ಪ ಕಾಂತಪ್ಪನವರದು ಗ್ರಾಂಟ್ ರೋಡಿನಲ್ಲಿ ಹೋಟೆಲು. ದೋಸೆ ಎಣ್ಣೆ, ತುಪ್ಪ ಕಟ್ಟಿಕೊಂಡು ಮೋರಿ ಮುಚ್ಚಿಹೋಗಿತ್ತು. ವಾರದೊಳಗೆ ನೀರು ಹರಿಯದಿದ್ದರೆ ಹೋಟೆಲಿಗೆ ಬೀಗ ಎಂದು ವಾರ್ಡಿನವರು ಹೇಳಿಹೋಗಿದ್ದರು.

ಮಗಳು ಜಿಡ್ಡು ತಿನ್ನುವ ಕಿಣ್ವ ತಯಾರಿಸಲು ಕೂತಳು. ಜೀವಕೋಶ ಸಾಕುವ ಗೋಜಿಲ್ಲ; ಕೋಶ ಒಡೆದು ತೆಗೆದ ರಸಕ್ಕೆ ಡಿಎನ್‌ಎ ಹಾಕಿದರೆ ಸಾಕು, ನಳಿಕೆಯಲ್ಲೇ ಕಿಣ್ವ ಸಿದ್ಧ. ಡಿಎನ್‌ಎಯನ್ನು ಅಲ್ಲಲ್ಲಿ ಬದಲಿಸಿ ಹಲವು ಮರಿ ಮಾಡುವುದು, ಚುರುಕಾದದ್ದನ್ನು ಆರಿಸುವುದು, ಅದರಿಂದ ಮತ್ತೆ ಮರಿ. ಹೀಗೆ ಹುಟ್ಟಿದ ಐದನೇ ತಲೆಮಾರು, ಚಹಾ ಆರುವುದರೊಳಗೆ ನಳಿಕೆಯ ತುಪ್ಪವನ್ನೆಲ್ಲ ಖಾಲಿ ಮಾಡಿತು.

ಅದನ್ನು ಸಂಸ್ಥೆಯಿಂದ ಹೊರಗೆ ಒಯ್ಯಲು ಆಡಳಿತಾಧಿಕಾರಿ ಶಿವಪುತ್ರಪ್ಪನವರ ಒಪ್ಪಿಗೆ ಬೇಕು. ವಿಜಯಪುರದವರು, ನಿಯಮದಲ್ಲಿ ದೇವರನ್ನು ಕಂಡವರು.

"ಇದು ಯಾವಾಗ ಹುಟ್ಟೇತವ್ವಾ?"

"ನಿನ್ನೆ ಸರ್."

"ನಿನ್ನೆ ಹುಟ್ಟಿದ್ದನ್ನ ಹಿರೇರ ತಲಿ ಮ್ಯಾಲ ಹೆಂಗ ಕೂಡಸೂದು? ಮೊದಲನೇ ತಲಿಮಾರಿಂದಕ್ಕ ಅನ್ಯಾಯ ಆಗಂಗಿಲ್ಲೇನು?"

"ಅದು ಏನೂ ತಿನ್ನೋದೇ ಇಲ್ಲ ಸರ್."

"ಪ್ರಾಮಾಣಿಕ ಐತಿ ಅಂದಂಗಾತು."

"ಸರ್, ಇವಕ್ಕೆ ಜೀವವೇ ಇಲ್ಲ. ಸೀನಿಯಾರಿಟಿ ಎಂಥದು?"

"ನೌಕರಿಗೆ ಜೀವ ಇರಬೇಕಂತ ನಿಯಮದಾಗ ಎಲ್ಲೂ ಇಲ್ಲ."

ನಮಗೆಲ್ಲ ಇದು ಸರಿಯೆನಿಸಿತು. ನಮ್ಮಲ್ಲಿ ಹಲವರ ನೌಕರಿಯೂ ಇದರ ಮೇಲೇ ನಿಂತಿದೆ.

ಮೊದಲನೇ ತಲೆಮಾರಿನ ಬಾಟಲಿಗೆ ಹಾರ ಹಾಕಿ ಗ್ರಾಂಟ್ ರೋಡಿಗೆ ಕರೆದೊಯ್ದೆವು. ಒಂದಿಷ್ಟನ್ನು ಮೋರಿಗೆ ಸುರಿದೆವು. ನೀರು ನಿಂತೇ ಇತ್ತು, ನಾವೂ ನಿಂತಿದ್ದೆವು.

"ಇದೆಂಥ ಮಾರಾಯ್ರೇ, ಸುಮ್ಮನೆ ಕೂತಿದೆಯಲ್ಲ!" ಕಾಂತಪ್ಪನವರು ತಲೆಯ ಮೇಲೆ ಕೈಹೊತ್ತರು. "ನಾಳೆ ಬೀಗ ಹಾಕ್ತಾರೆ."

"ಸೀನಿಯರ್ ಐತ್ರೀ. ಅದಕ್ಕೊಂದು ಅಸಿಸ್ಟಂಟ್ ಕೊಡಬೇಕಾಗ್ತೈತಿ," ಎಂದರು ಶಿವಪುತ್ರಪ್ಪನವರು.

ಐದನೇ ತಲೆಮಾರು ತಾತ್ಕಾಲಿಕ ಸಹಾಯಕ ಹುದ್ದೆಗೆ ನೇಮಕವಾಯಿತು. ಯಕ್ಷಿತಾ ಸುರಿದಳು, ಮರುದಿನ ಬೆಳಿಗ್ಗೆ ಮೋರಿ ಗುಳುಗುಳು ಹರಿಯಿತು. ಹೋಟೆಲು ಉಳಿಯಿತು. ಸನ್ಮಾನ ಸಭೆಯಲ್ಲಿ ಹಿರಿಯ ಕಿಣ್ವಕ್ಕೆ ಶಾಲು ಹೊದಿಸಲಾಯಿತು. ಉಳಿದಿದ್ದ ಸಹಾಯಕನನ್ನು ಸೇವೆಯಿಂದ ಬಿಡುಗಡೆಗೊಳಿಸಿ ಸಿಂಕಿಗೆ ಚೆಲ್ಲಲಾಯಿತು. ನಾನೂ ಎಲ್ಲರೊಡನೆ ಚಪ್ಪಾಳೆ ತಟ್ಟಿದೆ.

ಈಗ ಯಕ್ಷಿತಾ ಇನ್ನೂ ಚುರುಕಾದ ಆರನೇ ತಲೆಮಾರು ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದಾಳೆ.

"ಅಲ್ಲಿ ಕೂತು ಕೂತು ಅದರ ಕಸುವು ಹೋಗುವುದಿಲ್ಲವೇನಮ್ಮಾ?" ಎಂದು ಕೇಳಿದೆ.

"ಹೋಗ್ತದೆ ಸರ್," ಎಂದಳು. "ಪೂರಾ ಹೋದ ಮೇಲೆ ಬಡ್ತಿಗೆ ಬರ್ತದಲ್ಲ."