ಮೈಕ್ ಮಾಮನೂ ಅನಿಮೆಯ ಮಹಾಗೀತೆಯೂ

“ಅನಿಮೆ ಹಾಡುಗಳಲ್ಲೆಲ್ಲ ಅತಿ ಮುಖ್ಯವಾದ ಹಾಡು ಯಾವುದು? ಭಾನುವಾರದೊಳಗೆ ನಾನು ತೀರ್ಪು ಕೊಡ್ತೀನಿ. ಆಮೇಲೆ ಯಾರೂ ತುಟಿ ಬಿಚ್ಚಬಾರದು!”

ಮೈಕ್ ಮಾಮ ಹೀಗೆ ಘೋಷಿಸಿದಾಗ ಅವನ ಕೈಯಲ್ಲಿ ರಾಜದಂಡವೇನೂ ಇರಲಿಲ್ಲ, ಬಾಯಿ ಮುರಿದ ಒಂದು ಇಕ್ಕಳವಿತ್ತು. ಊರಿಗೆಲ್ಲ ಸ್ಪೀಕರು, ಮೈಕು ಬಾಡಿಗೆಗೆ ಕೊಡುವವನು ಅವನು. ಶಾಲೆಯ ವಾರ್ಷಿಕೋತ್ಸವವಿರಲಿ, ಮದುವೆಯಿರಲಿ, ನಾಯಿ ಕಳೆದುಹೋದ ಪ್ರಕಟಣೆಯಿರಲಿ, ಇವನ ಪೆಟ್ಟಿಗೆ ಕೆಮ್ಮಿದರೇನೇ ಊರು ತಲೆಯೆತ್ತುವುದು. ಯಾವ ಮೇಷ್ಟರ ಹತ್ತಿರವೂ ಕಲಿತದ್ದಲ್ಲ. ಕರೆಂಟಿನ ಕೈಯಲ್ಲಿ ಹೊಡೆಸಿಕೊಂಡು ಕಲಿತದ್ದು. ಹಾಗಾಗಿ ವಿದ್ಯೆಗಿಂತ ಹೆಮ್ಮೆಯೇ ಒಂದು ಹಿಡಿ ಜಾಸ್ತಿ.

ಈ ತೀರ್ಪಿನ ಹುಚ್ಚು ಹತ್ತಿಸಿದವಳು ಮಗಳು. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. ಅನಿಮೆ, ಅಂದರೆ ಜಪಾನಿನವರು ಬಿಡಿಸಿ ಕುಣಿಸುವ ಚಿತ್ರದ ಕತೆಗಳೆಂದರೆ ಅವಳಿಗೆ ಪ್ರಾಣ. ಹಲ್ಲುಜ್ಜುವಾಗಲೂ ಅದೇ ಹಾಡು, ತಲೆ ಬಾಚುವಾಗಲೂ ಅದೇ ಹಾಡು. ಮಾಮನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಕುತೂಹಲ ಶುರುವಾಯಿತು. ಕುತೂಹಲವೆಂದರೆ ಬೆನ್ನಿನ ತುರಿಕೆಯಿದ್ದಂತೆ. ಕೈಗೆ ಎಟುಕದಿದ್ದರೂ ಬಿಡುವುದಿಲ್ಲ.

“ಅಲ್ಲಮ್ಮಾ, ಶುರುವಿನ ಹಾಡೆಲ್ಲ ಒಂದೂವರೆ ನಿಮಿಷಕ್ಕೇ ಮುಗಿದುಹೋಗುತ್ತಲ್ಲ, ದರ್ಜಿ ಏನಾದ್ರೂ ಅಳತೆ ಕೊಟ್ಟಿದ್ದಾನಾ?”

“ಅಷ್ಟರೊಳಗೇ ಜನರನ್ನ ಕತೆ ಒಳಗೆ ಎಳ್ಕೋಬೇಕಪ್ಪಾ. ಅದಕ್ಕೇ ಬಾಗಿಲು ಒದ್ದ ಹಾಗೆ ಡ್ರಮ್ಮು.”

“ಮತ್ತೆ ಕೊನೇ ಹಾಡು ಯಾಕೆ ಚಪ್ಪಲಿ ಕಿತ್ತುಹೋದವರು ಮನೆಗೆ ನಡೆದ ಹಾಗೆ ನಿಧಾನ?”

“ಅಷ್ಟು ಹೊತ್ತಿಗೆ ಕತೇಲಿ ಯಾರೋ ಏನೋ ಕಳಕೊಂಡಿರ್ತಾರೆ. ನೋಡೋರಿಗೆ ಮೂಗು ಒರೆಸಿಕೊಳ್ಳೋಕೆ ಹೊತ್ತು ಬೇಡ್ವಾ?”

ಮಾಮ ತಲೆದೂಗಿದ. ಸಂಗತಿಯಲ್ಲಿ ಹುರುಳಿದೆ! “ಸರಿ, ಇದರಲ್ಲಿ ಮುಖ್ಯವಾದ ಹಾಡು ಯಾವುದು?”

“ಅದಕ್ಕೇ ಜಗಳ ನಡೀತಿರೋದು. ಯಾವುದನ್ನ ಕೇಳಿ ಮುಂದಿನವರೆಲ್ಲ ಹಾಡು ಕಟ್ಟಿದ್ರೋ ಅದು ಅಂತಾರೆ ಕೆಲವರು. ಕತೆ ಗೊತ್ತಿಲ್ಲದವರೂ ಯಾವುದನ್ನ ಗುನುಗ್ತಾರೋ ಅದು ಅಂತಾರೆ ಇನ್ನು ಕೆಲವರು. ನನ್ನ ಕೇಳಿದ್ರೆ, ಕತೆಯಿಂದ ಕಿತ್ತ ಹಾಡು ನೀರಿಂದ ಕಿತ್ತ ಮೀನು. ನೋಡಿಕೊಂಡು ಕೇಳು ಅಪ್ಪಾ.”

“ಹಾಡು ಕೇಳೋಕೂ ಕನ್ನಡಕ ಬೇಕಾ? ನಿನ್ನ ಅಂಗಡಿ ವ್ಯಾಪಾರ ಮನೆಗೆ ತರಬೇಡ!” ಎಂದ ಮಾಮ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತಪಸ್ಸಿಗೆ ಕೂತೇಬಿಟ್ಟ. ಚಿತ್ರ ನೋಡಲಿಲ್ಲ, ಅರ್ಥ ಕೇಳಲಿಲ್ಲ. ಯುದ್ಧದ ಹಾಡಿಗೆ ಎದೆ ಉಬ್ಬಿಸಿದ, ತುತ್ತೂರಿಯ ಹಾಡಿಗೆ ಕಾಲು ಕುಣಿಸಿದ. ವಾರದ ಕೊನೆಗೆ ಒಂದು ಹಾಡು ಸಿಕ್ಕಿತು ನೋಡಿ! ಸಣ್ಣ ಗಂಟೆ, ಕೊಳಲು, ಹಿಂದೆಯೇ ಮಕ್ಕಳ ಗುಂಪು ಕುಪ್ಪಳಿಸಿಕೊಂಡು ಹಾಡುವ ದನಿ. ಕೇಳಿದರೆ ಸತ್ತ ಬ್ಯಾಟರಿಗೂ ಜೀವ ಬರಬೇಕು.

“ಸಿಕ್ಕಿತು ಕಣೇ!” ಎಂದು ಕೂಗಿದ.

“ಏನು, ಬಾತ್‌ರೂಮಿನ ನಲ್ಲಿಗೆ ವಾಷರ್ರಾ?” ಎಂದಳು ಹೆಂಡತಿ.

“ಮಹಾಗೀತೆ! ಭಾನುವಾರ ಮಗಳನ್ನ ನೋಡೋಕೆ ಬರೋ ಹುಡುಗನ ಕಡೆಯವರ ಮುಂದೆ ಇದನ್ನೇ ಹಾಕೋದು. ಮಗಳಿಗೆ ಹೇಳಬೇಡ, ಬೆರಗಾಗಲಿ.”

“ರೀ, ಹುಡುಗಿ ತಾನಾಗಿ ಮೆಚ್ಚಿರೋ ಸಂಬಂಧ ಅದು. ನಿಮ್ಮ ಡಬ್ಬ ತಂದು ಕೆಡಿಸಬೇಡಿ.”

ಅವಳ ಭಯಕ್ಕೆ ಕಾರಣವಿತ್ತು. ಹುಡುಗ ದನದ ಡಾಕ್ಟರು. ಕಣ್ಣು ಪರೀಕ್ಷೆಗೆ ಬಂದವನು ಗೋಡೆಯ ಅಕ್ಷರ ಓದುವುದು ಬಿಟ್ಟು ಮಗಳ ಮುಖವನ್ನೇ ಓದಿದ್ದ. ಆದರೆ ಮಾತು ಬಲು ಕಡಿಮೆ. ಅವನ ತಾಯಿಯೋ, ನಿವೃತ್ತ ಹೆಡ್‌ಮಿಸ್ಸು. ಕೆಮ್ಮಿದರೆ ಮೂರು ತರಗತಿ ಎದ್ದು ನಿಲ್ಲುತ್ತಿತ್ತಂತೆ. “ಮಗನ ಬಾಯಿಂದಲೇ ಒಪ್ಪಿಗೆ ಬರಬೇಕು. ಇಲ್ಲದಿದ್ರೆ ಎದ್ದು ಹೊರಡ್ತೀನಿ” ಎಂದು ಮೊದಲೇ ಹೇಳಿ ಕಳಿಸಿದ್ದರು.

ಭಾನುವಾರ ಬಂತು. ಹುಡುಗ ಮತ್ತು ಹೆಡ್‌ಮಿಸ್ಸು ಸೋಫಾದ ಮೇಲೆ ಕೂತರು. ಮಗಳು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ಸೋಫಾದ ಹಿಂದೆ, ಕಪಾಟಿನ ಮೇಲೆ, ಕಿಟಕಿಯ ಪರದೆಯೊಳಗೆ ಮಾಮನ ಪೆಟ್ಟಿಗೆಗಳು ಹೊಂಚು ಹಾಕಿ ಕೂತಿದ್ದವು.

ಹೆಡ್‌ಮಿಸ್ಸು ಕೆಮ್ಮಿದರು. “ಹೇಳಪ್ಪಾ, ಹುಡುಗಿ ನಿನಗೆ ಒಪ್ಪಿಗೇನಾ?”

ಹುಡುಗ ಬಾಯಿ ತೆರೆದ. ಮಾಮ ಗುಂಡಿ ಒತ್ತಿದ. ಗಂಟೆ, ಕೊಳಲು, ಮಕ್ಕಳ ದನಿ!

ಹುಡುಗನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಹೋರಿ ಒದ್ದರೂ ಅಲುಗದ ಆಸಾಮಿ, ಕರ್ಚೀಫು ತೆಗೆದು ಮುಖ ಮುಚ್ಚಿಕೊಂಡ.

“ಯಾಕೋ? ಒಪ್ಪಿಗೆ ಇಲ್ವಾ?”

ಏನೂ ಇಲ್ಲ ಅನ್ನುವಂತೆ ಅವನು ತಲೆಯಾಡಿಸಿದ. ಒಪ್ಪಿಗೆ ಇಲ್ಲ ಅನ್ನುವಂತೆ ತಾಯಿಗೆ ಕಂಡಿತು! ದನಿ ಸಾಲದಾಯಿತೇನೋ ಎಂದು ಮಾಮ ಇನ್ನಷ್ಟು ಏರಿಸಿದ. ಹುಡುಗ ಬಿಕ್ಕಿ ಬಿಕ್ಕಿ ಅಳತೊಡಗಿದ. ಅಷ್ಟರಲ್ಲಿ ಬಾಗಿಲ ಬಳಿ ಧಡಾರ್! ತಟ್ಟೆ, ಲೋಟ, ಚಹಾ ಎಲ್ಲ ನೆಲಕ್ಕೆ; ಅದರ ನಡುವೆ ನಿಂತ ಮಗಳ ಕಣ್ಣಲ್ಲೂ ಧಾರಾಕಾರ ನೀರು!

ಹೆಡ್‌ಮಿಸ್ಸು ಎದ್ದರು. “ಅರ್ಥವಾಯ್ತು. ಇವನ ಮನಸ್ಸಲ್ಲೂ ಬೇರೆ ಯಾರೋ, ಅವಳ ಮನಸ್ಸಲ್ಲೂ ಬೇರೆ ಯಾರೋ. ಏಳೋ, ನಡಿ!”

“ರೀ, ಆರಿಸ್ರೀ ಅದನ್ನ!” ಎಂದು ಹೆಂಡತಿ ಚೀರಿದಳು.

ಮಾಮ ಗುಂಡಿ ತಿರುಗಿಸಿದ. ಗುಂಡಿ ಕೈಗೇ ಬಂತು. ಊರವರ ಪೆಟ್ಟಿಗೆಗಳನ್ನೆಲ್ಲ ರಿಪೇರಿ ಮಾಡುವವನ ಮನೆಯ ಪೆಟ್ಟಿಗೆ! ಮುಗಿದರೆ ಮತ್ತೆ ಮೊದಲಿಂದ ಬರಲೆಂದು ತಾನೇ ಹಾಕಿದ್ದ ಹಾಡು, ಮತ್ತೆ ಮೊದಲಿಂದ ಕುಪ್ಪಳಿಸಿತು. ಮಾಮ ಸೋಫಾದ ಹಿಂದೆ ಬೋರಲು ಬಿದ್ದು ವೈರು ಕಿತ್ತ. ಮನೆ ಗಪ್‌ಚಿಪ್.

ಆ ಮೌನದಲ್ಲಿ ಹುಡುಗ ಬಾಯಿಬಿಟ್ಟು ಹೇಳಿದ್ದು ಒಂದೇ ಮಾತು: “ಆಮೆ...”

“ಸೇತುವೆ ಆದಮೇಲೂ ಕಾಯ್ತಾನೇ ಇತ್ತಲ್ವಾ?” ಎಂದಳು ಮಗಳು, ಮೂಗೆಳೆಯುತ್ತ.

“ಯಾವ ಆಮೆ?” ಹೆಡ್‌ಮಿಸ್ಸಿನ ದನಿ ಗಡುಸಾಗಿತ್ತು.

“ಅನಿಮೆ ಹಾಡಲ್ಲಿ ಆಮೆ ಇರದೆ ಆನೆ ಇರುತ್ತಾ?” ಎಂದು ಹೆಂಡತಿ ಗಂಡನನ್ನು ದುರುಗುಟ್ಟಿ ನೋಡಿದಳು.

ಮಾತು ಕಡಿಮೆಯ ಹುಡುಗ ಆಗ ಮಾತಾಡಿದ ನೋಡಿ! ಒಂದು ಹೊಳೆ. ಅದನ್ನು ದಾಟಿಸುವ ಒಂದು ಮುದಿ ಆಮೆ. ಅದರ ಬೆನ್ನ ಮೇಲೆ ಶಾಲೆಗೆ ಹೋಗುವ ಮಕ್ಕಳು ದಿನವೂ ಹಾಡುತ್ತಿದ್ದ ಹಾಡು ಇದು. ಮುಂದೆ ಹೊಳೆಗೆ ಸೇತುವೆಯಾಯಿತು. ಮಕ್ಕಳು ಮೇಲೆ ಹಾಡುತ್ತ ಓಡುತ್ತಾರೆ. ಆಮೆ ಕೆಳಗೆ ದಡದಲ್ಲಿ ಬೆನ್ನು ತೊಳೆದುಕೊಂಡು ಕಾಯುತ್ತದೆ.

“ಒಂದು ಮಗುವೂ ಕೆಳಗಿಳಿದು ಮಾತಾಡಿಸಲಿಲ್ವಾ?” ಎಂದರು ಹೆಡ್‌ಮಿಸ್ಸು.

“ಇಲ್ಲಮ್ಮಾ.”

ನಿವೃತ್ತ ಹೆಡ್‌ಮಿಸ್ಸು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸಿದರು, ಒರೆಸುತ್ತಲೇ ಇದ್ದರು.

“ಒಪ್ಪಿಗೇನಾ ಅಂತ ಕೇಳಿದ್ನಲ್ಲ?” ಎಂದರು ಕೊನೆಗೆ.

“ಹೂಂ ಅಮ್ಮಾ. ಕೇಳೋಕ್ ಮುಂಚೇನೇ.”

“ಆಮೆಗೆ ಇಷ್ಟು ಅಳೋ ಗಂಡು, ಹೆಂಡತಿ ತಲೆನೋವಿಗೆ ಒಂದು ಮಾತ್ರೆಯಾದ್ರೂ ತಂದುಕೊಡ್ತಾನೆ. ನಮ್ಮನೇಲೂ ಇದ್ದಾರೆ ಒಬ್ರು!” ಎಂದಳು ಮಾಮನ ಹೆಂಡತಿ. ಸಂಬಂಧ ಕುದುರಿತು.

ಮಗಳು ಒಂದೇ ಷರತ್ತು ಹಾಕಿದಳು: ಮದುವೆಗೆ ಅಪ್ಪನ ಮೈಕ್‌ಸೆಟ್ ಬೇಡ. ಹೀಗೆ ಮೈಕ್ ಮಾಮನ ಮಗಳ ಮದುವೆಗೆ ಪಕ್ಕದೂರಿನಿಂದ ಅವನ ಆಜನ್ಮ ಎದುರಾಳಿಯ ಸ್ಪೀಕರು ಬಂತು! ಮಾಮ ನುಂಗಿಕೊಂಡ. ಕೆಲಸವಿಲ್ಲದ ಆ ದಿನಗಳಲ್ಲಿ ಕನ್ನಡಕ ಹಾಕಿಕೊಂಡು ಆಮೆಯ ಕತೆಯನ್ನು ಮೊದಲಿಂದ ಕೊನೆತನಕ ನೋಡಿದ. ಯಾರಿಗೂ ಹೇಳಲಿಲ್ಲ. ಆದರೆ ಒಂದೇ ಸೂರಿನಡಿ ಹೆಂಡತಿಗೆ ಗೊತ್ತಾಗದ ಗುಟ್ಟುಂಟೇ?

ಮದುವೆಯ ದಿನ ಹುಡುಗ ಹುಡುಗಿ ವೇದಿಕೆ ಹತ್ತಿದಾಗ ಎದುರಾಳಿಯ ಪೆಟ್ಟಿಗೆಯಿಂದ ಬಂತು: ಗಂಟೆ, ಕೊಳಲು, ಮಕ್ಕಳ ದನಿ. ಹೇಳಿ ಹಾಕಿಸಿದವಳು ಮಗಳೇ! ಮಾಮ ವೇದಿಕೆಯ ಪಕ್ಕದಲ್ಲೇ ಕುಸಿದು ಕೂತು ಹೋ ಎಂದು ಅತ್ತ.

ನೆಂಟರೆಲ್ಲ ಸುತ್ತುಗಟ್ಟಿದರು. “ಎಷ್ಟಾದ್ರೂ ಹೆತ್ತ ಕರುಳು. ಮಗಳು ಹೊರಟಳಲ್ಲ, ಪಾಪ!”

“ಅಯ್ಯೋ ಸುಮ್ನಿರಿ!” ಎಂದಳು ಹೆಂಡತಿ. “ಮಗಳು ಹೋಗ್ತಿರೋದು ಪಕ್ಕದ ಬೀದಿಗೆ. ಇವರು ಅಳ್ತಿರೋದು ಆಮೆಗೆ!”

ಪಕ್ಕದಲ್ಲೇ ನಿಂತಿದ್ದ ಮೈಕು ಚಾಲೂ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಇಡೀ ಸಭಾಂಗಣಕ್ಕೆ, ಹೊರಗಿನ ಬೀದಿಗೆ, ಆಚೆಯ ಬಸ್ ನಿಲ್ದಾಣಕ್ಕೆಲ್ಲ ಮೊಳಗಿತು: “ಆಮೆಗೆ... ಮೆಗೆ... ಗೆ...”

ಮಾಮ ಕಣ್ಣೊರೆಸಿಕೊಂಡು ತಲೆಯೆತ್ತಿದ. ಮೊದಲ ಸಲ ಮನಸಾರೆ ಒಪ್ಪಿಕೊಂಡ: ಎದುರಾಳಿಯ ಮೈಕು ತನ್ನದಕ್ಕಿಂತ ಚೆನ್ನಾಗಿದೆ!