ಇಬ್ಬರು ಸಾಕ್ಷಿ, ಒಂದು ತುತ್ತು

…ಅಥವಾ ಆ ಮಾತನ್ನು ಮಾಮು ಹೇಳಲೇ ಇಲ್ಲವೇನೋ. ನನ್ನ ನೆನಪು ಮೊದಲಿನಿಂದಲೂ ಸ್ವಲ್ಪ ಕೈಚಳಕದ್ದು. ಖಾಲಿ ಬಿಟ್ಟ ಜಾಗದಲ್ಲಿ ತಾನೇ ಒಂದು ವಾಕ್ಯ ಬರೆದಿಟ್ಟು, ‘ನೋಡು, ಇದು ಇಲ್ಲೇ ಇತ್ತು’ ಎನ್ನುತ್ತದೆ. ಅದಕ್ಕೇ ಆ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಊರಿಗೆಲ್ಲ ಗೊತ್ತಿರುವ ಸಂಗತಿ ಹೇಳಿಬಿಡುತ್ತೇನೆ: ನಮ್ಮ ಮಾಮು ತಮ್ಮ ಮದುವೆ ಆಗಿದೆ ಎಂಬುದನ್ನೇ ಪೂರ್ತಿ ನಂಬಿದವರಲ್ಲ!

ಮಾಮು ಎಂದರೆ ನನ್ನ ಅಮ್ಮಿಯ ಅಣ್ಣ. ಹರಿಹರದಲ್ಲಿ ನಮ್ಮ ಪಕ್ಕದ ಮನೆ. ದಾವಣಗೆರೆಯ ಗಲ್ಲಿಯೊಂದರಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ. ಹಾಫಿಜ್ ಬೇರೆ. ಅಂದರೆ ಕುರಾನನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿದವರು. ಮನೆಯಲ್ಲಿ ನಮ್ಮದೆಲ್ಲ ಉರ್ದು. ಮಾಮು ಮಾತ್ರ ಅಂಗಡಿಯ ಕನ್ನಡವನ್ನು, ಬೆರಳಿಗೆ ಮೆತ್ತಿದ ಮೈದಾ ಅಂಟಿನ ಹಾಗೆ, ಮನೆಗೂ ಹೊತ್ತು ತಂದು ನಮಗೆಲ್ಲ ಮೆತ್ತಿಬಿಟ್ಟಿದ್ದರು. ಅವರ ನಿಕಾಹಕ್ಕೆ ರಿವಾಜಿನಂತೆ ಇಬ್ಬರು ಸಾಕ್ಷಿಗಳಿದ್ದರು. ಅವರಲ್ಲಿ ಒಬ್ಬರು ತೀರಿಕೊಂಡರು. ದಫನ್ ಮುಗಿಸಿ ಬಂದ ಮಾಮು, ಹೆಂಡತಿ, ಅಂದರೆ ನಮ್ಮ ಮುಮಾನಿಯ ಎದುರು ಕೂತು ಗಂಭೀರವಾಗಿ ಕೇಳಿದರಂತೆ:

“ಏನೇ, ಒಬ್ಬ ಸಾಕ್ಷಿ ಹೋದ. ಇನ್ನೊಬ್ನೇ ಉಳಿದಾನೆ. ನಮ್ಮ ಮದುವಿ ಈಗ ಅರ್ಧ ಅನ್ನಬೇಕಾ, ಹೆಂಗೆ?”

ಮುಮಾನಿ ರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ. “ತಡೀರಿ, ಇನ್ನೊಬ್ರೂ ಹೋಗ್ಲಿ. ಗಂಟು ಕಟ್ಟೇ ಇಟ್ಟೀನಿ, ಸೀದಾ ತವರಿಗೆ ಹೊಂಡ್ತೀನಿ!”

ಉಳಿದ ಆ ಇನ್ನೊಬ್ಬರು ಮಾಮುವಿನ ದೋಸ್ತ್, ಛತ್ರಿ ರಿಪೇರಿಯವರು. ಅವರೂ ಹಾಫಿಜ್. ಒಂದು ಕಿವಿ ಕೇಳುತ್ತಿರಲಿಲ್ಲ. ಹೀಗಾಗಿ ಅವರನ್ನು ಒಬ್ಬ ಸಾಕ್ಷಿ ಎನ್ನಬೇಕೋ ಅರ್ಧ ಸಾಕ್ಷಿ ಎನ್ನಬೇಕೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಆಗಾಗ ನಡೆಯುತ್ತಿತ್ತು.

ಈ ಸಾಕ್ಷಿಯ ಹುಚ್ಚು ಮಾಮುವಿಗೆ ಹಿಡಿದದ್ದು ಒಂದು ಹಳೆಯ ಕತೆಯಿಂದ. ರಟ್ಟಿಗೆ ದಾರ ಪೋಣಿಸುತ್ತ ಅದನ್ನು ಎಷ್ಟು ಸಲ ಹೇಳಿದ್ದಾರೋ! ಪೈಗಂಬರರಿಗೆ ಇಳಿದ ಮೊದಲ ಪದವೇ ‘ಓದು’. ಆಮೇಲೆ ಇಪ್ಪತ್ತು ಚಿಲ್ಲರೆ ವರ್ಷ ಕುರಾನಿನ ಆಯತುಗಳು, ಅಂದರೆ ವಚನಗಳು, ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತ ಹೋದವು. ಆಗ ರಟ್ಟಿನ ಪುಸ್ತಕ ಎಲ್ಲಿ? ಖರ್ಜೂರದ ಗರಿಯ ದಿಂಡು, ಚಪ್ಪಟೆ ಕಲ್ಲು, ಒಂಟೆಯ ಹೆಗಲ ಮೂಳೆ, ಚರ್ಮದ ತುಂಡು, ಇವುಗಳ ಮೇಲೆ ಬರೆದುಕೊಂಡರು. ಅದಕ್ಕಿಂತ ಹೆಚ್ಚಾಗಿ ಎದೆಯಲ್ಲಿ ಇಟ್ಟುಕೊಂಡರು. ಪೈಗಂಬರರು ತೀರಿಹೋದ ಮೇಲೆ ಒಂದು ಯುದ್ಧದಲ್ಲಿ ಹೀಗೆ ಎದೆಯಲ್ಲಿ ಇಟ್ಟುಕೊಂಡವರು ಬಹಳ ಮಂದಿ ಸತ್ತರು. ಉಳಿದವರಿಗೆ ಭಯವಾಯಿತು. ಎಲ್ಲರೂ ಹೋಗಿಬಿಟ್ಟರೆ? ಪೈಗಂಬರರೇ ಮಾಡದ ಕೆಲಸವನ್ನು ನಾವು ಮಾಡುವುದು ಹೇಗೆ ಎಂದು ಮೊದಲ ಖಲೀಫರು ಹಿಂಜರಿದರು. ಕೊನೆಗೆ ಒಬ್ಬ ತರುಣ ಬರಹಗಾರನನ್ನು ಕರೆದು ಎಲ್ಲವನ್ನೂ ಒಂದು ಕಡೆ ಕೂಡಿಸಲು ಹೇಳಿದರು. ಇದಕ್ಕಿಂತ ಬೆಟ್ಟ ಹೊರಲು ಹೇಳಿದ್ದರೆ ಹಗುರವಾಗಿತ್ತು ಅನ್ನಿಸಿತಂತೆ ಆತನಿಗೆ.

“ಆತಗೆ ಪೂರ್ತಿ ಬಾಯಿಪಾಠ ಬರ್ತಿತ್ತು ಬೇಟಾ,” ಎಂದು ಮಾಮು ಸೂಜಿ ಎತ್ತುತ್ತಿದ್ದರು. “ಆದ್ರೂ ತನ್ನ ನೆನಪು ನಂಬಲಿಲ್ಲ. ಒಂದೊಂದು ಆಯತಿಗೂ ಇಬ್ಬರು ಸಾಕ್ಷಿ ತಗಂಬರ್ರಿ ಅಂದ. ಅಂಥಾತನೇ ಹಂಗಂದ ಮ್ಯಾಲೆ ನಿಂದು ಯಾವ ಸೀಮೆ ನೆನಪು?”

ಇದನ್ನು ಕೇಳಿ ಬೇರೆಯವರು ತಲೆದೂಗಿ ಎದ್ದುಹೋಗುತ್ತಾರೆ. ಮಾಮು ಅದನ್ನು ಬಸ್‌ಸ್ಟ್ಯಾಂಡಿಗೆ ತಂದರು!

ಒಂದು ಸಂಜೆ ದಾವಣಗೆರೆಯಲ್ಲಿ ಅಂಗಡಿ ಮುಚ್ಚಿ ನಾವಿಬ್ಬರೂ ನಿಂತಿದ್ದೆವು. ಕಂಡಕ್ಟರು ಗಂಟಲು ಹರಿಯುವಂತೆ “ಹರಿಹರ, ಹರಿಹರ” ಎಂದು ಕೂಗುತ್ತಿದ್ದ. ಮಾಮು ಹತ್ತಿರ ಹೋಗಿ, “ಹರಿಹರಕ್ಕೆ ಹೋಗ್ತತೇನಪ್ಪಾ?” ಎಂದರು.

“ಹೌದ್ರಿ ಚಾಚಾ, ಹತ್ರಿ ಹತ್ರಿ.”

“ನೀನೊಬ್ಬ ಹೇಳಿದ್ರೆ ಸಾಲದು. ಇನ್ನೊಬ್ರು ಹೇಳ್ಬೇಕು.”

“ಡ್ರೈವರ್ ಹೇಳಿದ್ರೆ ನಡೀತೈತಾ?”

“ಬ್ಯಾಡ. ಆತ ನಿಮ್ಮ ಪೈಕಿ.”

ಮಾಮು ಶೇಂಗಾ ಮಾರುವವಳ ಬಳಿ ಹೋದರು. ಅವಳು ಕತ್ತೆತ್ತಿ ನೋಡಿ, “ಹರಿಹರದ್ದೇರಿ, ಆದ್ರೆ ಹೋತು!” ಎಂದಳು. ಬಸ್ಸು ಆಗಲೇ ತಿರುವು ದಾಟಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಮಾಮುವಿನ ಮುಖದಲ್ಲಿ ಮಾತ್ರ ಅಪಾರ ಸಮಾಧಾನ. “ನೋಡಿದ್ಯಾ, ಈಗ ಖಾತ್ರಿ ಆತು!”

ಆ ದಿನ ಮನೆಗೆ ಬಂದ ಮೇಲೆ ನಕ್ಕೆವು. ಆದರೆ ಈಗ ರಾತ್ರಿಯೂಟಕ್ಕೆ ಕೂತಾಗ ಅನ್ನಿಸುತ್ತದೆ: ನಲವತ್ತು ವರ್ಷ ಅದೇ ಬಸ್ಸಿನಲ್ಲಿ ಓಡಾಡಿದ ಮನುಷ್ಯ, ಅದು ಹರಿಹರಕ್ಕೆ ಹೋಗುತ್ತದೆಯೇ ಎಂದು ನಿಜಕ್ಕೂ ತಮಾಷೆಗೆ ಕೇಳಿದರೇ?

ಮಂಡಿಯ ಪ್ರಸಂಗವೂ ಹಾಗೆಯೇ. ಭಾನುವಳ್ಳಿ ಕಡೆಯ ಒಬ್ಬ ಗೌಡರು ದಾವಣಗೆರೆಯಲ್ಲಿ ಭತ್ತದ ಮಂಡಿ ಇಟ್ಟಿದ್ದರು. ಅವರ ಹಮಾಲರ ಹಾಜರಿ ಪುಸ್ತಕಕ್ಕೆ ಮಾಮು ಕೆಂಪು ರಟ್ಟು ಕಟ್ಟಿ, ಮೇಲೆ ತಮ್ಮ ಕೈಯಾರೆ ಚಿನ್ನದ ಬಣ್ಣದಲ್ಲಿ ಹೆಸರು ಬರೆದುಕೊಟ್ಟರು. ಮರುದಿನ ಗೌಡರು ಪುಸ್ತಕ ಹಿಡಿದು ಬಂದರು.

“ಹಾಫಿಜ್ ಸಾಬ್ರೇ, ಏನ್ರಿ ಇದು? ನಮ್ಮ ‘ಭತ್ತದ ಮಂಡಿ’ ಹೋಗಿ ‘ಭತ್ತದ ಮಡಿ’ ಆಗೇತಲ್ರಿ! ಇನ್ಮ್ಯಾಲೆ ಹಮಾಲ್ರು ತಲಿಗೆ ನೀರು ಹಾಕ್ಕಂಡು, ಒದ್ದೆ ಪಂಚೇಲಿ ಮೂಟೆ ಹೊರಬೇಕಾ?”

ಒಂದು ಸೊನ್ನೆ ಬಿಟ್ಟುಹೋಗಿತ್ತು! ಮಾಮು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಎದೆಯುಬ್ಬಿಸಿ ಹೇಳಿದರು: “ಗೌಡ್ರೇ, ಹಳೇ ಕಾಲದ ಕುರಾನಿನ ಬರವಣಿಗ್ಯಾಗೆ ಅಕ್ಷರಕ್ಕೆ ಚುಕ್ಕೆನೇ ಹೆಚ್ಚುಕಮ್ಮಿ ಇರ್ಲಿಲ್ರಿ. ಗೊತ್ತಿದ್ದಾತ ಸರಿಯಾಗೇ ಓದ್ತಿದ್ದ. ಗೊತ್ತಿಲ್ಲದೋರು ಬಂದ ಮ್ಯಾಲೆ ಚುಕ್ಕೆ ಇಟ್ರು.”

“ಅಂದ್ರೆ ನಮ್ಮ ಮಂಡಿ ನಮಗೇ ಗೊತ್ತಿಲ್ಲಂತೀರಾ?” ಗೌಡರು ಹೊಟ್ಟೆ ಹಿಡಿದು ನಕ್ಕು, ತಾವೇ ಪೆನ್ನು ತೆಗೆದು ಸೊನ್ನೆ ಇಟ್ಟುಕೊಂಡು ಹೋದರು.

ಚುಕ್ಕೆಯ ವಿಷಯ ಮಾಮು ಹೇಳಿದ್ದು ನಿಜವೇ. ಆ ಬರಹ, ಬಾಯಿಪಾಠ ಇದ್ದವರಿಗೆ ನೆನಪಿನ ಊರುಗೋಲು. ಆದರೆ ಆ ಒಂದು ಕ್ಷಣ ಸುಮ್ಮನಿದ್ದರಲ್ಲ? ಆ ಕ್ಷಣ ನನ್ನನ್ನು ಬಿಡುವುದಿಲ್ಲ.

ದಿನಾ ಬೆಳಗಿನ ನಮಾಜು ಮುಗಿದ ಮೇಲೆ ಮಾಮು ಪಡಸಾಲೆಯಲ್ಲಿ ಕೂತು ಒಂದು ಭಾಗ ಓದಿ ಒಪ್ಪಿಸುತ್ತಿದ್ದರು. ಬಾಯಿಪಾಠವೆಂಬುದು ಕಟ್ಟಿದ ಒಂಟೆಯಂತೆ, ಹಗ್ಗ ನೋಡಿಕೊಳ್ಳದಿದ್ದರೆ ತಪ್ಪಿಸಿಕೊಳ್ಳುತ್ತದೆ ಎಂದು ಹಿರಿಯರ ಮಾತು. “ಹರಿಹರದಾಗೆ ಒಂಟೆ ಎಲ್ಲೈತೆ ಮಾಮು?” ಎಂದರೆ, “ಎಮ್ಮೆ ಅಂತ ತಿಳ್ಕ. ಹಗ್ಗ ಅಂತೂ ಅದೇ” ಎನ್ನುವರು. ಕೇಳುವವರು ಇಬ್ಬರು: ಒಳ್ಳೆಯ ಕಿವಿ ಮುಂದೆ ಮಾಡಿ ಕೂತ ದೋಸ್ತ್, ಮತ್ತು ಕುರಾನ್ ತೆರೆದು ಸಾಲಿನ ಕೆಳಗೆ ಬೆರಳು ಸರಿಸುವ ನಾನು. ಓದುವವರು ತಡವರಿಸಿದರೆ ಕೇಳುವವರು ಮುಂದಿನ ಪದ ಎತ್ತಿಕೊಡಬೇಕು. ಅದಕ್ಕೆ ಲುಕ್ಮಾ ಕೊಡುವುದು ಎನ್ನುತ್ತಾರೆ. ಲುಕ್ಮಾ ಎಂದರೆ ತುತ್ತು.

ಮಾಮು ಸುಲಭಕ್ಕೆ ತುತ್ತು ತೆಗೆದುಕೊಂಡವರೇ ಅಲ್ಲ. ವರ್ಷಕ್ಕೊಮ್ಮೆ ತಪ್ಪಿದರೂ, ದೋಸ್ತ್ ಕೊಟ್ಟ ಪದವನ್ನು ನಾನೂ ಹೌದೆನ್ನಬೇಕು. ಆಮೇಲೆಯೇ ಬಾಯಿಗೆ ಹಾಕಿಕೊಳ್ಳುವುದು. ತುತ್ತಿಗೂ ಇಬ್ಬರು ಸಾಕ್ಷಿ!

ಹೋದ ಮಳೆಗಾಲದ ಮೊದಲಿಗೆ, ಊರಿನ ಛತ್ರಿಗಳೆಲ್ಲ ರಿಪೇರಿಗೆ ಬಂದು ಬಿದ್ದಿರುವಾಗ, ದೋಸ್ತ್ ತೀರಿಕೊಂಡರು. ಮಣ್ಣು ಕೊಟ್ಟು ಬಂದ ಮಾಮು ಮುಮಾನಿಗೆ, “ಈಗ ಇಬ್ರೂ ಹೋದ್ರು” ಎಂದರು. ಮುಮಾನಿ ಗಂಟು ಎತ್ತಿಕೊಳ್ಳಲಿಲ್ಲ. ಚಹಾ ತಂದು ಮುಂದಿಟ್ಟು, ಅವರು ಕುಡಿಯುವವರೆಗೂ ಅಲ್ಲೇ ಕೂತರು.

ಆಮೇಲಿನ ಬೆಳಗುಗಳಲ್ಲಿ ನಾನೊಬ್ಬಳೇ. ಮಾಮುವಿನ ದನಿ ಒಂದು ಚೂರು ನಿಧಾನವಾದರೂ ನನ್ನ ಬೆರಳು ಮುಂದಿನ ಪದದ ಮೇಲೆ ಹೋಗಿ ನಿಲ್ಲುತ್ತಿತ್ತು. ಡಾಕ್ಟರ ಮಾತು ಎತ್ತಿದೆ. “ನಂಗೆ ಮರವು ಐತೆ ಅಂತ ಇಬ್ರು ಹೇಳ್ಲಿ, ಬರ್ತೀನಿ” ಎಂದರು. ಮುಮಾನಿಯನ್ನು ಎರಡನೆಯ ಸಾಕ್ಷಿಯಾಗಿ ಕರೆದೆ. ಅವರು ಸೆರಗಿನಲ್ಲಿ ಕಣ್ಣೊತ್ತಿಕೊಂಡು, “ನಂಗೇನೂ ಕಂಡಿಲ್ಲಪ್ಪ” ಎಂದುಬಿಟ್ಟರು.

ಒಂದು ಬೆಳಗ್ಗೆ ಮಾಮು ಆಯತಿನ ನಡುವೆ ನಿಂತರು. ಯಾವ ಆಯತ್? ಅದನ್ನು ಇಲ್ಲಿ ಬರೆದರೆ ಚಂದವಾಗುತ್ತಿತ್ತು, ನೆನಪಿಲ್ಲ. ಮೊದಲಿನ ಪದವನ್ನೇ ಮತ್ತೆ ಹೇಳಿದರು. ಮತ್ತೆ ನಿಂತರು. ಕಣ್ಣು ಮುಚ್ಚಿ, ಕತ್ತಲಲ್ಲಿ ಚಿಲಕ ಹುಡುಕುವವರಂತೆ ಕೈಯಾಡಿಸಿದರು. ಮುಂದಿನ ಪದ ನನ್ನ ಬೆರಳಿನಡಿ ಇತ್ತು. ಕೊಡಲೇ? ಕೊಟ್ಟರೆ ‘ಎರಡನೆಯವರು ಯಾರು?’ ಎಂದು ಕೇಳಿದರೆ? ದೋಸ್ತ್ ಕೂರುತ್ತಿದ್ದ ಖಾಲಿ ಚಾಪೆಯ ಕಡೆ ನೋಡಿದರೆ?

ಕೊಟ್ಟೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಆ ಹಳೆಯ ಕತೆಗೆ ಒಂದು ಬಾಲವಿದೆ, ಮಾಮುವೇ ಹೇಳಿದ್ದು. ಬರಹಗಾರನಿಗೆ ಒಂದು ಆಯತ್ ಬರೆದ ರೂಪದಲ್ಲಿ ಒಬ್ಬನೇ ಒಬ್ಬನ ಬಳಿ ಸಿಕ್ಕಿತು. ಎರಡನೆಯ ಸಾಕ್ಷಿ ಇಲ್ಲ. ಆದರೆ ಆತನೊಬ್ಬನ ಸಾಕ್ಷಿ ಇಬ್ಬರಿಗೆ ಸಮ ಎಂದು ಪೈಗಂಬರರು ಹಿಂದೊಮ್ಮೆ ಹೇಳಿದ್ದರಂತೆ. ಹಾಗಾಗಿ ಅದನ್ನೂ ಬರೆದುಕೊಂಡರು.

ಮಾಮು ಕಣ್ಣು ತೆರೆದು ನನ್ನನ್ನೇ ನೋಡಿದರು. ಆಮೇಲೆ, “ಸಾಕು ಬೇಟಾ. ನೀನೊಬ್ಳೇ ಇಬ್ರು” ಎಂದು, ತುತ್ತು ತೆಗೆದುಕೊಂಡು ಮುಂದೆ ಓದಿದರು.

ಇದೇ ಆ ಮಾತು. ವಾರ ಕಳೆದ ಮೇಲೆ ಕೇಳಿದೆ: “ಮಾಮು, ಅವತ್ತು ನೀವು ಹಂಗಂದ್ರಿ ಅಲ್ವಾ?”

“ನಾನಾ? ಯಾವತ್ತು?” ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದರು. ಆಮೇಲೆ ಮುಖ ಅರಳಿತು. “ಹಂಗಂದಿದ್ರೆ ಇಬ್ರು ಸಾಕ್ಷಿ ತಗಂಬಾ!”

ಅಡುಗೆಮನೆಗೆ ಓಡಿದೆ. ಮುಮಾನಿ ಅವತ್ತು ಚಟ್ನಿಗೆ ಮಿಕ್ಸಿ ಹಾಕಿದ್ದರಂತೆ; ಏನೂ ಕೇಳಿಸಿಲ್ಲ. ಅಂದರೆ ಅಲ್ಲಿದ್ದವಳು ನಾನೊಬ್ಬಳೇ, ಮತ್ತು ನನ್ನ ನೆನಪು ಎಂಥದ್ದೆಂದು ಮೊದಲೇ ಹೇಳಿದ್ದೇನೆ. ಮಾಮು ಆ ಮಾತು ಹೇಳಿದರೋ, ನನಗೆ ಬೇಕಿದ್ದರಿಂದ ನಾನೇ ಕೇಳಿಸಿಕೊಂಡೆನೋ, ಗೊತ್ತಿಲ್ಲ.