ಸನ್ಮಾನದ ಶಾಲಿನಲ್ಲಿ ಬಿಡಾರ ಹೂಡಿದ್ದ ಚಿಗಟ ಮಹಾಶಯರಿಗೆ

ಮಾನ್ಯರೇ,

ಸೊರಬದ ಬಸ್ ನಿಲ್ದಾಣದ ಹಿಂದಿನ ಓಣಿಯ ಕೊನೆಯ ಮನೆಯಿಂದ ಉಜ್ಜಪ್ಪ ಎಂಬ ನಾನು, ನನ್ನ ಹೆಂಡತಿ ಬಸವಣ್ಣೆಮ್ಮ ಹಾಗೂ ನಮ್ಮ ನಾಯಿ ಡಂಗುರ, ಮೂವರೂ ಸೇರಿ ತಮಗೆ ಮಾಡುವ ನಮಸ್ಕಾರಗಳು. ನಾವು ಈಗ ಕ್ಷೇಮ. ತಮ್ಮ ಕ್ಷೇಮ ಸಮಾಚಾರ ವಿಚಾರಿಸುವುದು ಪದ್ಧತಿ. ಆದರೆ ತಮ್ಮ ಕ್ಷೇಮವೇ ನಮ್ಮ ತಕರಾರಾಗಿರುವುದರಿಂದ ಅದೊಂದನ್ನು ಬಿಟ್ಟಿದ್ದೇನೆ, ಮನ್ನಿಸಬೇಕು. ತಾವು ಎಳ್ಳಿನ ಕಾಳಿಗಿಂತ ತುಸು ಚಿಕ್ಕವರು, ನಾನು ಐದಡಿ ಎಂಟಂಗುಲ. ಹಾಗಿದ್ದೂ ಏಳು ತಿಂಗಳ ಕಾಲ ತಾವು ಗೆಲ್ಲುತ್ತ ಬಂದಿರಿ, ನಾನು ಸೋಲುತ್ತ ಬಂದೆ. ಆದ್ದರಿಂದ ಈ ಪತ್ರವನ್ನು ಸ್ವಲ್ಪ ಬಗ್ಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ಅಭಿನಂದನೆ. ನಲವತ್ತು ವರ್ಷಗಳಿಂದ ತಾಲ್ಲೂಕು ಕಚೇರಿಯ ಮುಂದೆ, ದೊಡ್ಡವರ ಮನೆಗಳ ಮುಂದೆ, ಒಮ್ಮೆ ತಪ್ಪಿ ಮದುವೆ ಮಂಟಪದ ಮುಂದೆಯೂ ನಿಂತು "ರಕ್ತ ಹೀರುವವರಿಗೆ ಧಿಕ್ಕಾರ" ಎಂದು ಗಂಟಲು ಹರಿದುಕೊಂಡವನು ನಾನು. ಆ ಘೋಷಣೆಗೆ ಅಕ್ಷರಶಃ ಹೊಂದುವ ಗಿರಾಕಿ ಸಿಕ್ಕಿದ್ದು ಈಗಲೇ. ಮಿಕ್ಕವರೆಲ್ಲ ಹೀರಿದ ಮೇಲೆ ಭಾಷಣ ಮಾಡಿದರು, ಸಮುದಾಯ ಭವನದ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡರು. ತಾವು ಹೀರಿದಿರಿ, ಹಾರಿದಿರಿ, ಅಷ್ಟೆ. ಜಾತಿ ಸರ್ಟಿಫಿಕೇಟ್ ಕೇಳಲಿಲ್ಲ, ಆಧಾರ್ ಕೇಳಲಿಲ್ಲ. ಎಲ್ಲರ ರಕ್ತವೂ ಒಂದೇ ಎಂದು ನಾವು ವೇದಿಕೆಯ ಮೇಲೆ ಬಾಯಲ್ಲಿ ಹೇಳಿದ್ದನ್ನು ತಾವು ಕುಡಿದು ತೋರಿಸಿದಿರಿ. ಇಷ್ಟು ನಿಷ್ಠೆಯ ಕಾರ್ಯಕರ್ತರು ನಮ್ಮ ಸಂಘಟನೆಯಲ್ಲಿ ಹತ್ತು ಜನ ಇದ್ದಿದ್ದರೆ ಈ ನಾಡು ಎಂದೋ ಬದಲಾಗಿರುತ್ತಿತ್ತು.

ಇನ್ನು ತಕರಾರು. ನಮ್ಮ ಡಂಗುರನ ಪರಿಚಯ ತಮಗೆ ನನಗಿಂತ ಚೆನ್ನಾಗಿಯೇ ಇದೆ. ಊರಿಗೆಲ್ಲ ಕೇಳುವಂತೆ ಬೊಗಳುತ್ತಾನೆಂದು ಇಟ್ಟ ಹೆಸರು ಅದು. ಹೋದ ದೀಪಾವಳಿ ಕಳೆದ ಮೇಲೆ ಅವನು ಬೊಗಳುವುದನ್ನು ಬಿಟ್ಟು ಕೆರೆಯಲು ಹಿಡಿದ. ಬಾಲದ ಬುಡ, ಸೊಂಟ, ಹಿಂದೊಡೆಯ ಒಳಗೆ, ಕಚ್ಚಿ ಕಚ್ಚಿ ಕೂದಲು ಉದುರಿ ಚರ್ಮ ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಗಿ ಆನೆಯ ಚರ್ಮದಂತೆ ದಪ್ಪಗಟ್ಟಿತು. ಕೆರೆಯುವಾಗ ಅವನ ಹಿಂಗಾಲು ಜಗಲಿಯ ನೆಲಕ್ಕೆ ದಡದಡ ಬಡಿಯುವ ಸದ್ದು ಆಚೆಮನೆಗೂ ಕೇಳುತ್ತಿತ್ತು. ಅಂದಮೇಲೆ ಓಣಿ ಸುಮ್ಮನಿರುತ್ತದೆಯೇ? ಒಂದು ಮಾತು ಹುಟ್ಟಿಸಿತು: ಕಜ್ಜಿ ನಾಯಿ.

ಮಾನ್ಯರೇ, ಕಜ್ಜಿ ಎಂಬುದು ರೋಗದ ಹೆಸರು ಮಾತ್ರವಲ್ಲ. ನಮ್ಮ ಭಾಷೆಯಲ್ಲಿ ಒಬ್ಬನನ್ನು ಮನುಷ್ಯರ ಲೆಕ್ಕದಿಂದ ತೆಗೆಯಬೇಕೆಂದರೆ ಅವನಿಗೆ ಕಜ್ಜಿ ನಾಯಿ ಎನ್ನುತ್ತಾರೆ. ಪಾಪ, ನಾಯಿಯನ್ನೇ ನಾಯಿಗಳ ಲೆಕ್ಕದಿಂದ ತೆಗೆಯಲೂ ಅದೇ ಮಾತು. ಒಂದು ವಾರದೊಳಗೆ ಓಣಿಯ ಮಕ್ಕಳು ಡಂಗುರನನ್ನು ಕಂಡು ಗೋಡೆಗೆ ಅಂಟಿ ನಡೆಯತೊಡಗಿದರು. "ಮುಟ್ಟಬ್ಯಾಡ, ಅಂಟ್ತದೆ" ಎಂಬ ಮಾತು ನನ್ನ ಕಿವಿಗೆ ಹೊಸದಲ್ಲ. ಅದನ್ನು ನಾನು ಮೊದಲು ಕೇಳಿದ್ದು ನಾಯಿಯ ಬಗ್ಗೆಯಲ್ಲ, ಹೋಟೆಲಿನ ಹೊರಗೆ ಬೇರೆ ಲೋಟ ಹಿಡಿದು ನಿಂತಿದ್ದ ನನ್ನಪ್ಪನ ಬಗ್ಗೆ. ಆದ್ದರಿಂದ ಡಂಗುರನ ಮೈಯ ರೋಗಕ್ಕಿಂತ ಮೊದಲು ಆ ಮಾತನ್ನು ವಾಸಿ ಮಾಡುತ್ತೇನೆಂದು ಹಟ ಹಿಡಿದೆ. ಎರಡಕ್ಕೂ ಮದ್ದು ಗೊತ್ತಿರಲಿಲ್ಲ, ಅದು ಬೇರೆ.

ಮದ್ದು ಹೇಳುವವರಿಗೇನೂ ಬರವಿರಲಿಲ್ಲ. ಪಕ್ಕದ ಮನೆಯ ಗುರುಪ್ರಕಾಶ್, ಬಟ್ಟೆ ಅಂಗಡಿಯವನು, ಬೇಲಿಯಾಚೆ ನಿಂತು, "ಮಾರಾಯ್ರೇ, ಹೆಸರೇ ಉಜ್ಜಪ್ಪ ಅಂತ ಇಟ್ಕೊಂಡಿದೀರಿ, ಸುಟ್ಟ ಇಂಜಿನ್ ಎಣ್ಣೆಗೆ ಗಂಧಕ ಕಲ್ಸಿ ಉಜ್ಜೋದಕ್ಕೆ ಎಂಥ ಧಾಡಿ ನಿಮಗೆ?" ಎಂದ. ಎಣ್ಣೆ ತರಲು ಗ್ಯಾರೇಜಿನ ಕಲೀಂ ಹತ್ತಿರ ಹೋದರೆ ಅವನು ಡಬ್ಬವನ್ನೇ ಹಿಂದಕ್ಕೆ ಸರಿಸಿ, "ಇಂಜಿನ್ನೇ ಬ್ಯಾಡ ಅಂತ ಉಗುಳಿದ ಎಣ್ಣೆ ಸಾರ್ ಇದು, ಆ ಮೂಕಪ್ರಾಣಿಗ್ಯಾಕೆ? ಮೊದ್ಲು ನಿಮ್ ತಲೆಗ್ ಹಚ್ಕೊಂಡ್ ನೋಡ್ರಿ" ಎಂದು ಬೈದು ಕಳಿಸಿದ. ಡಂಗುರನ ಚರ್ಮ ಉಳಿದದ್ದು ಆ ಬೈಗುಳದಿಂದ. ಆಮೇಲೆ ಬೇವಿನ ಸೊಪ್ಪು ಅರೆದು ಉಜ್ಜಿದೆ. ಅರಿಶಿನ ಉಜ್ಜಿದೆ, ಹುಳಿ ಮಜ್ಜಿಗೆ ಉಜ್ಜಿದೆ. ಹೆಸರು ಹೇಳಲಾರದ ಒಂದು ಔಷಧಿ ಅಂಗಡಿಯವರು ನಾಯಿಯ ಮುಖವನ್ನೂ ನೋಡದೆ ಕೊಟ್ಟ, ಮನುಷ್ಯರ ಹುಳುಕಡ್ಡಿಯ ಮುಲಾಮನ್ನೂ ಉಜ್ಜಿದೆ. ಅದನ್ನು ಡಂಗುರ ಸಂತೋಷದಿಂದ ನೆಕ್ಕಿ ಮುಗಿಸಿ ಇನ್ನೊಂದು ಟ್ಯೂಬಿನ ಕಡೆ ನೋಡಿದ. ಕೋಳಿ ನಿಲ್ಲಿಸಿ, ಮೊಟ್ಟೆ ನಿಲ್ಲಿಸಿ, ಬರೀ ಮಜ್ಜಿಗೆ ಅನ್ನ ಹಾಕಿದೆ. ನ್ಯಾಯ ಎಲ್ಲರಿಗೂ ಒಂದೇ ಎಂದು ಬಸವಣ್ಣೆಮ್ಮ ನನಗೂ ಅದನ್ನೇ ಬಡಿಸಿದಳು. ವಾರಕ್ಕೆರಡು ಸಲ ಸ್ನಾನ ಮಾಡಿಸಿ, ಒರೆಸಿ, ಫಳಫಳ ಹೊಳೆಯುವಂತೆ ಮಾಡಿ ಅವನ ಹಾಸಿಗೆಯ ಮೇಲೆ ಬಿಡುತ್ತಿದ್ದೆ. ಬೆಳಗ್ಗೆ ಎದ್ದರೆ ಅದೇ ದಡದಡ.

ಹಾಸಿಗೆಯ ವಿಷಯ ಬಂತು. ತಮ್ಮ ಅರಮನೆಯಾದ್ದರಿಂದ ಮರ್ಯಾದೆಯಾಗಿಯೇ ಹೇಳುತ್ತೇನೆ.

ಶಾಲು ಹೊದಿಸುವ ಚಾಳಿಯನ್ನು ನಾನು ಬರಹದಲ್ಲಿ, ಭಾಷಣದಲ್ಲಿ ಹರಿದು ಹಾಕಿದವನು. ಆದರೆ ಹೊದಿಸುವವರು ಬಿಡಬೇಕಲ್ಲ? ಶಾಲಿನ ವಿರುದ್ಧ ಮಾತಾಡಿದ್ದಕ್ಕೇ ಮೆಚ್ಚಿ ಶಾಲು ಹೊದಿಸಿದ ಊರುಗಳಿವೆ. ಹೀಗೆ ಇಪ್ಪತ್ತಮೂರು ಶಾಲುಗಳು ಮನೆ ಸೇರಿದವು. ನಾನು ಅವನ್ನೆಲ್ಲ ಜಗಲಿಯ ಮೂಲೆಯಲ್ಲಿ ಒಂದರ ಮೇಲೊಂದು ಹಾಸಿ ಡಂಗುರನನ್ನು ಮಲಗಿಸಿದೆ; ಬಂದವರಿಗೆಲ್ಲ "ಸನ್ಮಾನಕ್ಕೆ ನನ್ನ ಮನೆಯಲ್ಲಿ ಇದೇ ಜಾಗ" ಎಂದು ಬೆರಳು ತೋರಿಸಿದೆ. ಬಸವಣ್ಣೆಮ್ಮ ಎಷ್ಟೋ ಸಲ "ಏನ್ರೀ, ವಾಸನೆ ಹೊಡೀತಾವೆ, ಒಂದ್ಸಲ ಒಗೀತೀನಿ" ಎಂದಳು. ನಾನು ಬಿಡಲಿಲ್ಲ. ಶಾಲು ಒಗೆಯುವುದೆಂದರೆ ಅದಕ್ಕೆ ಗೌರವ ಕೊಟ್ಟಂತೆ, ಸನ್ಮಾನವನ್ನು ಒಗೆದು ಮಡಚಿಡುವ ಪೈಕಿ ನಾನಲ್ಲ ಎಂದೆ. ನನ್ನ ಆ ತತ್ವದ ಬುಡದಲ್ಲಿ ತಾವು ಸಂಸಾರ ಹೂಡಿ, ಮಕ್ಕಳು ಮರಿಮಕ್ಕಳನ್ನು ಸಾಕಿ, ಓಣಿಗೊಂದು ಶಾಖೆ ತೆರೆದಿರಿ.

ಅಷ್ಟರಲ್ಲಿ ಮನವಿ ಪತ್ರ ಬಂತು. ಜೀವನವಿಡೀ ಮನವಿ ಕೊಟ್ಟವನ ಮನೆ ಬಾಗಿಲಿಗೆ ಹನ್ನೊಂದು ಮನೆಯವರು ಮೆರವಣಿಗೆಯಲ್ಲಿ ಬಂದು ಮನವಿ ಕೊಟ್ಟರು. ಕಜ್ಜಿ ನಾಯಿಯನ್ನು ಹದಿನೈದು ದಿನದೊಳಗೆ ಓಣಿಯಿಂದ ಸಾಗಿಸತಕ್ಕದ್ದು, ತಪ್ಪಿದಲ್ಲಿ ನಾವೇ ಗಾಡಿ ಮಾಡಿ ಬಂದಳಿಕೆಯ ಪಾಳು ಗುಡಿಗಳ ಹತ್ತಿರ ಬಿಟ್ಟು ಬರುತ್ತೇವೆ, ಮುಂದಾಗುವ ಅನಾಹುತಗಳಿಗೆ ಉಜ್ಜಪ್ಪನವರೇ ಹೊಣೆ. ಮೊದಲ ಸಹಿ ಗುರುಪ್ರಕಾಶನದು. ಒಕ್ಕಣೆಯೆಲ್ಲ ನಾನೇ ಕಲಿಸಿದ್ದು. ನೀರಿನ ಹೋರಾಟದಲ್ಲಿ ಇವರಿಗೆ ಮನವಿ ಬರೆದುಕೊಟ್ಟವನು ನಾನಲ್ಲವೇ. ಓದುತ್ತಿದ್ದಂತೆ ಕೈ ತಡೆಯಲಿಲ್ಲ. ಮೂರು ಕಾಗುಣಿತ ತಿದ್ದಿದೆ, 'ಉಗ್ರ ಹೋರಾಟ' ಎಂಬ ಮಾತು ಬಿಟ್ಟುಹೋಗಿದ್ದನ್ನು ಸೇರಿಸಿದೆ, ಕೊನೆಗೆ ಅಭ್ಯಾಸಬಲದಿಂದ ಕೆಳಗೆ ಸಹಿಯನ್ನೂ ಹಾಕಿಬಿಟ್ಟೆ. ನನ್ನ ನಾಯಿಯನ್ನು ಓಡಿಸುವ ಪತ್ರದ ಹನ್ನೆರಡನೆಯ ಸಹಿ ನನ್ನದೇ, ಮಾನ್ಯರೇ. ಡಂಗುರ ಅದನ್ನು ನೋಡುತ್ತ ಬಾಲ ಆಡಿಸಿದ. ಬಾಲದಲ್ಲಿ ಆಡಿಸಲು ಹೆಚ್ಚೇನೂ ಉಳಿದಿರಲಿಲ್ಲ. ಒಳಗೆ ಬಂದವನೇ ಕಲೀಂಗೆ ಹೇಳಿ ಕಳಿಸಿದೆ.

ಮಾರನೆಯ ಬೆಳಗ್ಗೆ ಕಲೀಂನ ಗೂಡ್ಸ್ ಆಟೋದಲ್ಲಿ ನಾವು ಮೂವರೂ ಶಿರಾಳಕೊಪ್ಪದ ಸಂತೆಯ ಜನವನ್ನು ಸೀಳಿಕೊಂಡು ಶಿಕಾರಿಪುರ ಸೇರಿದೆವು. ಅಲ್ಲಿ ಅಶ್ವಿನಿ ಎಂಬ ಪಶುವೈದ್ಯೆ ನಾಯಿ ಬೆಕ್ಕುಗಳನ್ನೂ ಮನಸ್ಸಿಟ್ಟು ನೋಡುತ್ತಾರೆಂದು ಹೇಳಿದವನು ಕಲೀಂನೇ. ನಾನು ಹೋದವನೇ "ಇದು ಕಜ್ಜಿಯಲ್ಲ" ಎಂದು ಭಾಷಣ ಶುರು ಮಾಡಿದೆ. ಆಕೆ "ನೋಡ್ದೇನೆ ಹೆಂಗ್ ಹೇಳ್ಲಿ ಸಾರ್, ಸ್ವಲ್ಪ ಬಾಯಿ, ಅಲ್ಲ, ಅವನ ಬಾಯಿ ಹಿಡ್ಕೊಳ್ರಿ" ಎಂದು ಚರ್ಮ ಕೆರೆದು ಗಾಜಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಜ್ಜಿಯ ಹುಳು ಒಂದೂ ಇಲ್ಲ. ಆಮೇಲೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿದರು. ಸಾಸಿವೆ ಪುಡಿಯಂಥ ಕಪ್ಪು ಕಣ ಉದುರಿತು. ನಾನು ಮಣ್ಣು ಎಂದುಕೊಂಡೆ. ಆಕೆ ಅದನ್ನು ಒದ್ದೆ ಹತ್ತಿಯ ಮೇಲಿಟ್ಟರು. ನೋಡನೋಡುತ್ತಿದ್ದಂತೆ ಕಪ್ಪು ಕರಗಿ ಕೆಂಪಾಯಿತು. ಅದು ಡಂಗುರನದೇ ರಕ್ತ, ತಾವು ಕುಡಿದು ವಿಸರ್ಜಿಸಿದ್ದು. ಮಾನ್ಯರೇ, ಕೆಂಪು ಬಾವುಟ ಹಿಡಿದು ನಾನು ಎಷ್ಟೋ ದೂರ ನಡೆದಿದ್ದೇನೆ; ಆದರೆ ಆ ಹತ್ತಿಯ ತುಂಡಿನಷ್ಟು ಸ್ಪಷ್ಟವಾಗಿ ಶೋಷಣೆಯನ್ನು ಯಾವ ಬಾವುಟವೂ ತೋರಿಸಿಕೊಟ್ಟಿರಲಿಲ್ಲ.

"ಕಜ್ಜಿ ಅಲ್ಲ ಸಾರ್, ಅಲರ್ಜಿ. ಚಿಗಟದ ಎಂಜಲು ಇವನಿಗೆ ಒಗ್ಗಲ್ಲ. ಒಂದ್ ಸಲ ಕಚ್ಚಿದ್ರೂ ವಾರಗಟ್ಲೆ ಕೆರೀತಾನೆ. ಯಾರಿಗೂ ಅಂಟಲ್ಲ ಇದು" ಎಂದರು ಡಾಕ್ಟರು. ಆಮೇಲೆ ಕೇಳಬಾರದ ಪ್ರಶ್ನೆ ಕೇಳಿದರು: "ಎಲ್ಲಿ ಮಲಗ್ತಾನೆ ಇವ್ನು?" ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಬಸವಣ್ಣೆಮ್ಮ ಸೆರಗು ಸರಿಮಾಡಿಕೊಂಡು, "ಸನ್ಮಾನದ್ ಮ್ಯಾಲೆ ಮಲಗ್ತಾನಮ್ಮ. ಇಪ್ಪತ್ಮೂರು ಅದಾವೆ. ಒಗೆಯಕ್ಕೆ ಬಿಡಲ್ಲ ಇವ್ರು" ಎಂದಳು. ಡಾಕ್ಟರು ನಕ್ಕ ನಗುವಿಗೆ ಡಂಗುರ ತಿಂಗಳುಗಳ ನಂತರ ಮೊದಲ ಸಲ ಬೊಗಳಿದ. ನಾಯಿಯ ಮೈ ಮೇಲೆ ಕಾಣುವವರು ತಮ್ಮಲ್ಲಿ ಕೆಲವರೇ, ಮಿಕ್ಕ ಮೊಟ್ಟೆ ಮರಿಗಳೆಲ್ಲ ಹಾಸಿಗೆಯಲ್ಲಿ, ನೆಲದ ಸಂದಿಯಲ್ಲಿ ಇರುತ್ತವೆ ಎಂದು ಆಕೆ ತಿಳಿಸಿ ಹೇಳಿದರು. ತಿಂಗಳಿಗೊಂದು ಮಾತ್ರೆ, ತಪ್ಪದೆ. ನವೆಗೆ, ಗಾಯಕ್ಕೆ ಬೇರೆ ಔಷಧಿ. ಶಾಲುಗಳನ್ನೆಲ್ಲ ಕುದಿಸಬೇಕು, ಬಿಸಿಲಿಗೆ ಹಾಕಬೇಕು, ಜಗಲಿಯ ಸಂದುಗೊಂದು ಬಿಡದೆ ಗುಡಿಸಬೇಕು. ನಾನು ತತ್ವದ ಮಾತು ಎತ್ತಿದೆ. "ತತ್ವ ಇಟ್ಕೊಳ್ರಿ ಸಾರ್, ಶಾಲು ಕುದಿಸ್ರಿ. ಮತ್ತೆ ಇನ್ನು ಉಜ್ಜಬ್ಯಾಡ್ರಿ, ಉಜ್ಜಪ್ನೋರೆ" ಎಂದರು. ಅಂಗಳದಲ್ಲಿ ಬೇರೆ ಪ್ರಾಣಿ ಇದೆಯೇ ಎಂದೂ ಕೇಳಿದರು. ಗುರುಪ್ರಕಾಶನ ಬೆಕ್ಕು ಮಧ್ಯಾಹ್ನವೆಲ್ಲ ಬಂದು ಡಂಗುರನ ಪಕ್ಕ ಅದೇ ಶಾಲುಗಳ ಮೇಲೆ ನಿದ್ದೆ ತೆಗೆಯುವ ಸಂಗತಿ ಆಗ ಹೊರಬಿತ್ತು.

ಮರುದಿನ ಅಂಗಳದಲ್ಲಿ ಹಂಡೆ ಏರಿತು. ಜರಿ ಶಾಲು, ಮೈಸೂರು ಪೇಟದ ಜೊತೆ ಬಂದದ್ದು, ಉತ್ಸವದ್ದು, ಅಭಿನಂದನೆಯದು, ಎಲ್ಲ ಸನ್ಮಾನಗಳೂ ಒಂದೇ ನೀರಿನಲ್ಲಿ ಬಣ್ಣ ಬಿಟ್ಟು ಕುದಿದವು. ತಳದಲ್ಲಿ ಒಂದು ಕಂಬಳಿಯಿತ್ತು. ಅದು ಸನ್ಮಾನದ್ದಲ್ಲ. ಮೊದಲ ಜಾಥಾದಲ್ಲಿ ಚಳಿಗೆ ನಡುಗುತ್ತಿದ್ದ ನನಗೆ ಹಲಗೆ ಬಾರಿಸುವ ಮಾಸ್ತಪ್ಪ ತನ್ನ ಹೆಗಲಿನದನ್ನೇ ತೆಗೆದು ಹೊದಿಸಿದ್ದು. ಮಾಸ್ತಪ್ಪ ಈಗಿಲ್ಲ. ಅದೊಂದನ್ನು ಬಿಡೋಣ ಎಂದೆ. ಬಸವಣ್ಣೆಮ್ಮ ಕಂಬಳಿ ಕೊಡವಿದಳು; ತಮ್ಮವರು ಹತ್ತಿಪ್ಪತ್ತು ಜನ ಅವಳ ಸೀರೆಗೆ ಹಾರಿದರು. "ಮಾಸ್ತಣ್ಣ ಇದ್ದಿದ್ರೆ ತಾನೇ ಹಂಡೆಗೆ ಹಾಕ್ತಿದ್ದ" ಎಂದಳು. ನಾನೇ ಹಾಕಿದೆ.

ಹೊಗೆ ನೋಡಿ ಓಣಿ ಸೇರಿತು. ಬೆಕ್ಕಿನ ಸುದ್ದಿ ಹೇಳಿದ್ದಕ್ಕೆ ಗುರುಪ್ರಕಾಶ್ ಕೆರಳಿ ಕೆಂಡವಾದ. "ನಮ್ ರಾಣಿಗೆ ಚಿಗಟವಾ? ನಾಲಿಗೆ ಮೇಲೆ ನಿಗಾ ಇರ್ಲಿ" ಎಂದವನು, ಹೇಳುತ್ತಲೇ ಬಗ್ಗಿ ಕಾಲಿನ ಹರಡು ಕೆರೆದುಕೊಂಡ. ಅವನ ಕಾಲ ಮೇಲೆ ಕೆಂಪು ಗುಳ್ಳೆಗಳ ಸಾಲಿತ್ತು. ಮೈ ಉಷ್ಣವೆಂದು ಅವನು ಮೂರು ತಿಂಗಳಿಂದ ದಿನವೂ ಎಳನೀರು ಕುಡಿಯುತ್ತಿದ್ದನಂತೆ. ಅತ್ತಿತ್ತ ನೋಡಿದರೆ ಅರ್ಧ ಓಣಿಗೆ ಉಷ್ಣವಾಗಿತ್ತು. ಬಸವಣ್ಣೆಮ್ಮ ರಾಣಿಯನ್ನು ಎತ್ತಿಕೊಂಡು ಬಾಚಿ, ಉದುರಿದ್ದನ್ನು ಒದ್ದೆ ಹತ್ತಿಯ ಮೇಲಿಟ್ಟು ಎಲ್ಲರಿಗೂ ತೋರಿಸಿದಳು. ಹತ್ತಿ ಕೆಂಪಾಯಿತು, ಗುರುಪ್ರಕಾಶನ ಮುಖವೂ ಆಯಿತು. ಸಂಜೆಯೊಳಗೆ ಹನ್ನೊಂದು ಮನೆಯ ಅಂಗಳದಲ್ಲೂ ಹಾಸಿಗೆಗಳು ಬಿಸಿಲಿಗೆ ಬಿದ್ದಿದ್ದವು, ಮರುದಿನ ರಾಣಿ ಬುಟ್ಟಿಯಲ್ಲಿ ಕುಳಿತು ಶಿಕಾರಿಪುರದ ಹಾದಿ ಹಿಡಿದಿದ್ದಳು.

ಹದಿನೈದನೆಯ ದಿನ ಗಾಡಿ ಬರಲಿಲ್ಲ. ಡಂಗುರನ ಬಾಲದ ಬುಡದಲ್ಲಿ ಸಸಿಮಡಿಯಂತೆ ತೆಳುವಾಗಿ ಕೂದಲು ಚಿಗುರಿತ್ತು, ದಡದಡ ನಿಂತಿತ್ತು, ಬೊಗಳುವುದು ಮೊದಲಿನ ಎರಡರಷ್ಟಾಗಿತ್ತು. ಗುರುಪ್ರಕಾಶ್ ಮನವಿ ಪತ್ರ ತಂದು, 'ಕಜ್ಜಿ' ಎಂಬುದನ್ನು ಹೊಡೆದು ಮೇಲೆ 'ಅಲರ್ಜಿ' ಎಂದು ಬರೆದು, "ಅಂಟಲ್ಲ ಅಂದ್ಮೇಲೆ ಓಡ್ಸೋದು ಎಂಥಕ್ಕೆ, ಇದನ್ನ ವಾಪಸ್ ತಗಂತೀವಿ" ಎಂದ. ಹಾಗೆ ಹೇಳಿ ಡಂಗುರನ ತಲೆ ಮುಟ್ಟಿದ. ಅಂಗೈಯಿಟ್ಟು, ಪೂರ್ತಿಯಾಗಿ. ಹನ್ನೊಂದು ಸಹಿಗಳ ಜೊತೆ ನಾನೂ ನನ್ನ ಹನ್ನೆರಡನೆಯದನ್ನು ಹೊಡೆದುಹಾಕಿದೆ. ಕುದಿದ ಉಣ್ಣೆ ಕುಗ್ಗುತ್ತದೆಂಬುದು ನನಗೆ ತಿಳಿದಿರಲಿಲ್ಲ; ಮಾಸ್ತಪ್ಪನ ಕಂಬಳಿ ಈಗ ಸರಿಯಾಗಿ ಒಂದು ನಾಯಿ ಮಲಗುವ ಅಳತೆಗೆ ಬಂದು ನಿಂತಿದೆ. ವಾರಕ್ಕೊಮ್ಮೆ ಅದನ್ನು ಬಿಸಿಲಿಗೆ ಹಾಕುವವನು ನಾನೇ.

ಇಷ್ಟಾದರೂ ತಾವು ಹಟ ಬಿಡುವ ಕುಲದವರಲ್ಲ, ಗೂಡು ಕಟ್ಟಿ ಒಳಗೆ ಕಾದು ಕೂರುವವರು, ಮೂರು ತಿಂಗಳು ಮಾತ್ರೆ ತಪ್ಪಿಸಬಾರದು ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಆದ್ದರಿಂದ ಸವಿನಯ ಬೇಡಿಕೆಗಳು: ಮರಳಿ ಬರುವುದಾದರೆ ಹದಿನೈದು ದಿನ ಮೊದಲೇ ಲಿಖಿತ ನೋಟಿಸು ಕೊಡಬೇಕು, ಕಾಗುಣಿತ ನಾನು ತಿದ್ದಿಕೊಡುತ್ತೇನೆ. ಡಂಗುರನಿಗೆ ಒಗ್ಗದಿರುವುದು ತಮ್ಮ ಎಂಜಲು ಮಾತ್ರವಾದ್ದರಿಂದ ತಾವು ಮಡಿವಂತರ ಹಾಗೆ ಬಾಯಿ ತಾಗಿಸದೆ ಎತ್ತಿ ಕುಡಿಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಅದು ಆಗದಿದ್ದರೆ, ಬಾಯಾರಿ ಸಾಯಬೇಕು.

ಏಳು ತಿಂಗಳು ತಮ್ಮ ಅನ್ನದಾತನಾಗಿದ್ದು, ಈಗ ಆ ಹುದ್ದೆಗೆ ರಾಜೀನಾಮೆ ಕೊಟ್ಟಿರುವ

ತಮ್ಮ ವಿಶ್ವಾಸಿ,
ಉಜ್ಜಪ್ಪ
(ಬೆರಳಚ್ಚು: ಡಂಗುರ, ಮುಂಗಾಲು, ಎಡ)

ತಾ.ಕ.: ಬರುವ ಭಾನುವಾರ ನನಗೆ ಇಪ್ಪತ್ತನಾಲ್ಕನೆಯ ಸನ್ಮಾನವಿದೆ. ಶಾಲು ಬೇಡ ಎಂದಿದ್ದೇನೆ, ಆದ್ದರಿಂದ ಖಂಡಿತ ಹೊದಿಸುತ್ತಾರೆ. ಅಧ್ಯಕ್ಷತೆ ವಹಿಸುವ ಮಹನೀಯರು ರಕ್ತ ಹೀರುವ ಕೆಲಸದಲ್ಲಿ ತಮಗಿಂತ ಹಿರಿಯರು, ಮೈಕಟ್ಟೂ ವಿಶಾಲ. ತಾವು ಮನೆ ಬದಲಿಸುವ ಯೋಚನೆಯಲ್ಲಿದ್ದರೆ ಆ ಹೊಸ ಶಾಲನ್ನು ವೇದಿಕೆಯ ಮೇಲೆಯೇ ಅವರಿಗೆ ತಿರುಗಿ ಹೊದಿಸಿ ಬರುತ್ತೇನೆ. ಒಂದೇ ಎಚ್ಚರಿಕೆ: ಅವರ ರಕ್ತ ಕುಡಿದು ತಮಗೇನಾದರೂ ನವೆ ಶುರುವಾದರೆ ಗಾಬರಿಯಾಗಬೇಡಿ, ಅದು ಕಜ್ಜಿಯಲ್ಲ, ಅಲರ್ಜಿ. ಅಶ್ವಿನಿ ಡಾಕ್ಟರ ವಿಳಾಸ ನನ್ನಲ್ಲಿದೆ.